ನಮ್ಮತ್ತೆ ಹೂಡಿದ ಮಡಕ

ರಾಯಲ್ಪಾಡಿನ ಸುತ್ತಮುತ್ತ ನಮ್ಮತ್ತೆಗಿಂತ ದೊಡ್ಡ ಮಿದುಳಿನ ಡಾಕ್ಟರು ಇನ್ನೊಬ್ಬರಿಲ್ಲ! ಓದಿದ್ದು ಮೂರನೇ ಕ್ಲಾಸು. ಅದೂ ಪಾಸೋ ಫೇಲೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಇವರು ನನ್ನ ತಂದೆಯ ಅಕ್ಕ, ಆದ್ದರಿಂದ ಬಾಯಿ ಬಿಟ್ಟು ಕೇಳುವ ಧೈರ್ಯ ನನಗಿಲ್ಲ.

ಈ ಡಾಕ್ಟರಿಕೆ ಶುರುವಾದದ್ದು ಒಂದೇ ಒಂದು ಪದದಿಂದ. ಅತ್ತೆಯ ಮಗಳ ಕೂಸಿಗೆ ಒಂದು ವರ್ಷವಾದರೂ ಕತ್ತು ನಿಲ್ಲಲಿಲ್ಲ, ಮೇಲಿಂದ ಮೇಲೆ ಫಿಟ್ಸು. ಸ್ಕ್ಯಾನ್ ಮಾಡಿಸಿ ಕೋಲಾರದ ಡಾಕ್ಟರಿಗೆ ತೋರಿಸಲು ನಾನೂ ಜೊತೆಗೆ ಹೋಗಿದ್ದೆ. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು, "ಎಲ್ಲರ ಮಿದುಳಲ್ಲೂ ಮಡಿಕೆಗಳಿರ್ತವೆ. ಈ ಮಗುಗೆ ಮಡಿಕೆ ಬಿದ್ದಿಲ್ಲಮ್ಮ, ನುಣ್ಣಗಿದೆ" ಎಂದರು.

ನಮ್ಮತ್ತೆಯ ಮನೆಮಾತು ಅರ್ಧ ತೆಲುಗು. ಆ ಕಡೆ ಮಡಕ ಅಂದರೆ ನೇಗಿಲು!

"ಮಡಕ ಬಿದ್ದಿಲ್ವಾ? ಬೀಳು ನೆಲ ಅನ್ನಿ! ಅದಕ್ಯಾಕೆ ಸಾರ್ ಅಷ್ಟು ಸಪ್ಪಗಿದ್ದೀರ? ನಾವು ಹೂಡ್ತೀವಿ ಬಿಡಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. "ಇದು ಸರಿಹೋಗೋದಲ್ಲಮ್ಮ. ಮಗು ನಿಮ್ಮನ್ನ ಗುರುತು ಹಿಡಿಯೋದೂ ಕಷ್ಟ" ಎಂದು ಅವರು ಮೆಲ್ಲಗೆ ಹೇಳಿದರು. ಕೂಸಿನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಮಾತ್ರ ಎದ್ದು ನಿಂತು, "ಹಿಡೀತದೆ ಸಾರ್. ನಾನು ಹಿಡಿಸ್ತೀನಿ" ಎಂದರು.

ಮಾರನೆಯ ದಿನದಿಂದಲೇ ಉಳುಮೆ! ಬೆಳಗೆದ್ದರೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಾತು, ಮಾತು, ಮಾತು. ಅಜ್ಜಿಗೆ ಅವ್ವ ಎನ್ನುವ ಸೀಮೆ ಅದು; "ನಾನು ನಿನ್ನ ಅವ್ವ, ನೋಡು" ಎಂಬುದೇ ಪಲ್ಲವಿ. ಮಾವಿನೆಲೆ ಹಿಸುಕಿ ಮೂಗಿಗೆ ಹಿಡಿಯುವುದು, ಟೊಮೆಟೊ ಕೆನ್ನೆಗೆ ಸವರುವುದು. ಮನೆಗೆ ಬಂದವರು ಯಾರೇ ಆಗಲಿ, ಕೂಸಿಗೆ ನಾಲ್ಕು ಮಾತು ಹೇಳದೆ ಹೊಸಿಲು ದಾಟುವ ಹಾಗಿಲ್ಲ. ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ನನಗೆ ಸಿಕ್ಕ ಕೆಲಸ ಯಾವುದು ಗೊತ್ತೇ? ರೈಲಾಗುವುದು! ನಲವತ್ತಾರು ವರ್ಷದ, ಬೊಕ್ಕತಲೆಯ ಗುಮಾಸ್ತ ಭಾನುವಾರ ಬಂತೆಂದರೆ ಅತ್ತೆಯ ಅಂಗಳದಲ್ಲಿ ನಿಂತು "ಕೂ" ಎಂದು ಕೂಗಬೇಕು.

"ಲೇ, ಇದೇನ್ಲಾ ಗೂಡ್ಸ್ ಗಾಡಿ ಇದ್ದಂಗಿದೆ? ಎಕ್ಸ್‌ಪ್ರೆಸ್ ಬಿಡೋ!" ಎಂದು ಅತ್ತೆಯ ಗದರಿಕೆ ಬೇರೆ.

ಶ್ರೀನಿವಾಸಪುರದ ಬಸ್ಸಿನಲ್ಲಿ ಒಬ್ಬಾಕೆ ಕೂಸನ್ನು ನೋಡಿ ಲೊಚಗುಟ್ಟಿದರು. "ಅಯ್ಯೋ ಪಾಪ, ಯಾವ ಜನ್ಮದ ಕರ್ಮಾನೋ!" ಅತ್ತೆ ಬಿಡುತ್ತಾರೆಯೇ? "ಮೊದ್ಲು ಎದ್ದು ಜಾಗ ಕೊಡಮ್ಮಾ, ಕರ್ಮ ಆಮೇಲೆ ವಿಚಾರ್ಸಿವಂತೆ!"

ಕೂಸಿಗೆ ವ್ಯಾಯಾಮ ಮಾಡಿಸಲು ವಾರಕ್ಕೊಮ್ಮೆ ಕೋಲಾರದ ಆಸ್ಪತ್ರೆಗೆ ಹೋಗಬೇಕಿತ್ತು. ಅಲ್ಲಿ ಬೆಂಚಿನ ಮೇಲೆ ಹುತ್ತೂರಿನ ಒಬ್ಬ ಎಳೇ ತಾಯಿ ಇಂಥದೇ ಕೂಸಿಗೆ ಬಟ್ಟಲಿನಿಂದ ಗಂಜಿ ಕುಡಿಸುತ್ತಾ ಅಳುತ್ತಿದ್ದಳು. ಅತ್ತೆ ಅವಳ ಕೈಯಿಂದ ಬಟ್ಟಲನ್ನೇ ಕಿತ್ತುಕೊಂಡರು. "ನೀರು ನೀರಾಗಿ ಕುಡಿಸಿದ್ರೆ ಎದೆಗೆ ಹೋಗ್ತದೆ ಕಣಮ್ಮಾ. ಗಂಜಿ ಗಟ್ಟಿಗಿರ್ಲಿ, ತಲೆ ಎತ್ತರಕ್ಕಿಡ್ಕೋ. ಅಳೋದು ಉಣ್ಸಿದ್ಮೇಲೆ. ಆಗ ನಾನೂ ಅಳ್ತೀನಿ, ಇಬ್ರೂ ಸೇರಿ ಅಳೋಣ." ಆ ಹುಡುಗಿ ಅಳುತ್ತಲೇ ನಕ್ಕಳು. ಆ ಬೆಂಚಿನ ಮೇಲೆ ಕೂರುವ ತಾಯಂದಿರೆಲ್ಲ ಅತ್ತೆಯನ್ನು "ಡಾಕ್ಟರಮ್ಮ" ಎನ್ನತೊಡಗಿದ್ದು ಆವತ್ತಿನಿಂದ.

ಐದು ವರ್ಷ ಹೀಗೆ ಹೂಡಿದರು. ಕೂಸು ಯಾರನ್ನೂ ನೋಡಲಿಲ್ಲ. ಅದರ ಕಣ್ಣು ನಮ್ಮನ್ನು ದಾಟಿ ಎಲ್ಲೋ ಇರುತ್ತಿತ್ತು. "ಇವತ್ತು ನೋಡ್ತೇನೋ ಅನ್ನಿಸ್ತು ಕಣೋ" ಎಂದು ಅತ್ತೆ ಪ್ರತಿ ಭಾನುವಾರ ಹೇಳುತ್ತಿದ್ದರು. ಹೌದೆನ್ನಲೂ ಆಗದೆ ಇಲ್ಲವೆನ್ನಲೂ ಆಗದೆ ನಾನು ರೈಲು ಬಿಡುತ್ತಿದ್ದೆ.

ಹೋದ ಚಳಿಗಾಲದಲ್ಲಿ ಕೂಸಿನ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ಬೆಳಗ್ಗೆ ಡಾಕ್ಟರು ಔಷಧಿ ಚೀಟಿ ಬರೆದುಕೊಟ್ಟರು. ನಾನು ಕೆಳಗಿನ ಅಂಗಡಿಯ ಸಾಲಿನಲ್ಲಿ ನಿಂತು, ಔಷಧಿ ತೆಗೆದುಕೊಂಡು, ಮೆಟ್ಟಿಲು ಹತ್ತಿ ಓಡಿಬಂದೆ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಕೂಸಿನ ತಾಯಿ ನೆಲದ ಮೇಲೆ ಕುಸಿದು ಕೂತಿದ್ದಳು. ಅತ್ತೆಯ ತೊಡೆಯ ಮೇಲೆ ಕೂಸು.

"ಕೊನೇಗೆ ನನ್ನ ನೋಡ್ತು ಕಣೋ" ಎಂದರು ಅತ್ತೆ. "ಅವ್ವ ಅಂತ ಗೊತ್ತಾಯ್ತು ಅದಕ್ಕೆ. ನಗೋಕೆ ಬಂತು. ನೀನೂ ನೋಡ್ದೆ ಅಲ್ವೇನೋ?"

"ನೋಡ್ದೆ ಅತ್ತೆ. ಚೆನ್ನಾಗಿ ನೋಡ್ದೆ."

ಔಷಧಿಯ ಕವರು ಇನ್ನೂ ನನ್ನ ಕೈಯಲ್ಲೇ ಇತ್ತು. ಅತ್ತೆಯ ಕಣ್ಣು ಅದರ ಮೇಲೆ ಬಿತ್ತು. ಕವರನ್ನು ಮೆಲ್ಲಗೆ ಬಿಡಿಸಿಕೊಂಡು ಪಕ್ಕಕ್ಕಿಟ್ಟು, ನನ್ನ ತಲೆ ಸವರಿದರು.