ಚಿಕ್ಕನಾಯಕನಹಳ್ಳಿ ಮತ್ತೆ ಮಂಜೂರಾದದ್ದು

೧೯೮೮ನೆಯ ಇಸವಿಯ ಕಾರ್ತಿಕ ಮಾಸದಿಂದ ಮರುವರ್ಷದ ಜ್ಯೇಷ್ಠ ಮಾಸದವರೆಗೆ ಚಿಕ್ಕನಾಯಕನಹಳ್ಳಿ ಎಂಬ ಊರು ಅಸ್ತಿತ್ವದಲ್ಲಿರಲಿಲ್ಲ. ಇದು ತೆಂಗುಸೀಮೆ ಸಾಮಾನು ಸಾಗಣೆ ಸಹಕಾರ ಸಂಘದ ಸಭೆಯಲ್ಲಿ ಸರ್ವಾನುಮತದಿಂದ ಒಪ್ಪಿದ ಸಂಗತಿ. ಊರಿಗೆ ದಾರಿಯೇ ಇಲ್ಲವಾದ್ದರಿಂದ ಊರಿನವರಿಗೆ ಈ ವಿಷಯ ತಿಳಿಸಲು ಆಗಲಿಲ್ಲ. ಹೀಗಾಗಿ ಅವರು ಎಂದಿನಂತೆ ಸಂತೆ ಮಾಡಿಕೊಂಡು, ಮದುವೆ ಮುಂಜಿ ನಡೆಸಿಕೊಂಡು ನೆಮ್ಮದಿಯಾಗಿದ್ದರು.

ಇದಕ್ಕೆಲ್ಲ ಕಾರಣ ಕಂಪ್ಯೂಟರು. ಸಂಘದ ಶಾಖೆಗಳು ತಿಪಟೂರು, ಕಿಬ್ಬನಹಳ್ಳಿ, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿಯಲ್ಲಿದ್ದವು. ಒಂದೊಂದು ಶಾಖೆಗೂ ಒಂದೊಂದು ಕಂಪ್ಯೂಟರು ಕೊಟ್ಟು ತಂತಿಯಲ್ಲಿ ಜೋಡಿಸುತ್ತಾರೆಂದು ಹೇಳಿದ್ದರು. ಅಧ್ಯಕ್ಷರಾದ ಏಕಾಂತಯ್ಯನವರು, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು, ಇದರ ತರಬೇತಿಗೆಂದು ಬೆಂಗಳೂರಿಗೆ ಹೋದರು. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಹಾಕಿಸಿದ್ದರೂ ಅವರು ತೂಕಡಿಸದೆ ಕೇಳಿಸಿಕೊಂಡರು ಎಂಬುದನ್ನು ಅವರ ವೈರಿಗಳೂ ಒಪ್ಪುತ್ತಾರೆ. ಬಂದವರೇ ಸಭೆ ಕರೆದು ವಿವರಿಸಿದರು.

“ನೋಡ್ರಪ್ಪಾ, ಇದ್ರಲ್ಲಿ ಎರಡು ಥರ ಪ್ರೋಟೊಕಾಲ್ ಅವೆ. ಪ್ರೋಟೊಕಾಲ್ ಅಂದ್ರೆ ಕಟ್ಟಳೆ. ಒಂದು ರೂಟೆಡ್ಡು. ಅದು ಮೂಟೆ ಹೊರೋದು. ಮೂಟೆ ಮೇಲೆ ಯಾರಿಂದ, ಯಾರಿಗೆ ಅಂತ ವಿಳಾಸ ಇರ್ತದೆ, ಆದ್ರೆ ಅದಕ್ಕೆ ದಾರಿ ಗೊತ್ತಿರಲ್ಲ. ಇನ್ನೊಂದು ರೂಟಿಂಗು. ಅದು ಮೂಟೆ ಮುಟ್ಟಲ್ಲ. ಯಾವ ಊರು ಎಷ್ಟು ಹಂತ ದೂರ, ಯಾವ ಕಡೆಯಿಂದ ಹೋಗ್ಬೇಕು ಅಂತ ಒಂದು ಕೂಡುರಸ್ತೆಯಿಂದ ಇನ್ನೊಂದು ಕೂಡುರಸ್ತೆಗೆ ಸುದ್ದಿ ಮುಟ್ಟಿಸ್ತಾ ಇರ್ತದೆ ಅಷ್ಟೆ. ಆ ಸುದ್ದಿ ನೋಡ್ಕಂಡು ಮೂಟೇನ ಮುಂದಕ್ಕೆ ತಳ್ಳೋದು. ಎರಡೂ ಬೇಕು, ಆದ್ರೆ ಎರಡೂ ಬೇರೆ.”

ಇಷ್ಟು ಚೆನ್ನಾಗಿ ಹೇಳಿದ ಮನುಷ್ಯ ಇಲ್ಲಿಗೇ ಬಿಟ್ಟಿದ್ದರೆ ನನಗೆ ಬರೆಯುವ ಕೆಲಸ ತಪ್ಪುತ್ತಿತ್ತು. ಆದರೆ ಕಂಪ್ಯೂಟರು ಬರಲಿಲ್ಲ. ಅದಕ್ಕೆ ಧೂಳು ಕೂರದಂತೆ ಹೊದಿಸುವ ಪ್ಲಾಸ್ಟಿಕ್ ಕವರು ಮಾತ್ರ ಮೊದಲು ಬಂತು. “ಯಂತ್ರ ಬರೋ ತಂಕ ಮನುಷ್ಯರಲ್ಲೇ ಅಭ್ಯಾಸ ಮಾಡ್ಕಳಾಣ” ಎಂದು ಅಧ್ಯಕ್ಷರು ಸೂಚಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಹೀಗೆ ಸಂಘದಲ್ಲಿ ಹೊರೆ ವಿಭಾಗ ಮತ್ತು ದಾರಿ ವಿಭಾಗ ಎಂಬ ಎರಡು ವಿಭಾಗಗಳು ಹುಟ್ಟಿದವು. ಹೊರೆ ವಿಭಾಗದಲ್ಲಿ ಸಣ್ಣತಿಮ್ಮಯ್ಯನೂ ಅವನ ಎತ್ತಿನ ಗಾಡಿಯೂ ಇದ್ದವು. ದಾರಿ ವಿಭಾಗಕ್ಕೆ ಮೊದಲು ಅಧ್ಯಕ್ಷರ ಭಾಮೈದ ಸೇರಿದ. ಏನೂ ಹೊರದೆ ಓಡಾಡುವ ಕೆಲಸವೆಂದು ಸುದ್ದಿ ಹಬ್ಬಿದ ಮೇಲೆ ನಿರ್ದೇಶಕರ ಅಳಿಯಂದಿರೆಲ್ಲ ಸೇರಿದರು. ಅವರಿಗೆ ಸೈಕಲ್ಲು, ಛತ್ರಿ, ಪ್ರಯಾಣ ಭತ್ಯೆ, ಎದೆಗೆ ಬಿಲ್ಲೆ. ದಿನಕ್ಕೆ ಹತ್ತು ಸಲ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗಿ ದಾರಿ ಹೇಗಿದೆಯೆಂದು ಹೇಳಿ, ಕಾಫಿ ಕುಡಿದು ಬರುತ್ತಿದ್ದರು. ಕಿಬ್ಬನಹಳ್ಳಿ ಕೂಡುರಸ್ತೆಯ ಗೋಡೆಗೆ ಈ ಪ್ರಕಟಣೆ ಅಂಟಿತು:

“ದಾರಿ ವಿಭಾಗದವರು ಕೆಲಸದ ವೇಳೆಯಲ್ಲಿ ಏನನ್ನೂ ಹೊರತಕ್ಕದ್ದಲ್ಲ. ಹೊರೆ ವಿಭಾಗದವರು ದಾರಿಯನ್ನು ತಿಳಿದಿರತಕ್ಕದ್ದಲ್ಲ. ಮೊದಲೇ ತಿಳಿದಿದ್ದಲ್ಲಿ ಮರೆಯತಕ್ಕದ್ದು. ಒಂದೇ ಊರಿಗೆ ಇಬ್ಬರು ಎರಡು ದೂರ ಹೇಳಿದರೆ ಕಡಿಮೆ ಹೇಳಿದವರ ಮಾತು ನಡೆಯತಕ್ಕದ್ದು. ಹದಿನಾರು ಹಂತ ದೂರವೆಂದು ವರದಿಯಾದ ಊರು ಇಲ್ಲವೆಂದು ಭಾವಿಸತಕ್ಕದ್ದು.”

ಕೊನೆಯ ಎರಡು ನಿಯಮಗಳೂ ಬೆಂಗಳೂರಿನ ತರಬೇತಿಯಲ್ಲಿ ಹೇಳಿಕೊಟ್ಟವೇ. ಸಣ್ಣತಿಮ್ಮಯ್ಯ ನಿಯಮದಂತೆ ದಾರಿ ಮರೆತು ಹೆಬ್ಬೆಟ್ಟು ಒತ್ತಿದ. ಎತ್ತುಗಳಿಗೆ ಮಾತ್ರ ಯಾರೂ ಓದಿ ಹೇಳಿರಲಿಲ್ಲ. ಅವು ತಮ್ಮಷ್ಟಕ್ಕೆ ಊರು ಮುಟ್ಟಿಸಿಬಿಡುವ ಅಪಾಯವಿದ್ದುದರಿಂದ ಅವನು ಮೂಗುದಾರ ಬಿಗಿ ಹಿಡಿದೇ ಕೂರಬೇಕಾಗುತ್ತಿತ್ತು.

೧೯೮೮ರ ಶ್ರಾವಣದಲ್ಲಿ ಅರಳಗುಪ್ಪೆಯ ಶಿವರುದ್ರಮ್ಮ ಎಂಬಾಕೆ ಸಂಘಕ್ಕೆ ಒಂದು ಮೂಟೆ ತೆಂಗಿನಕಾಯಿ ಒಪ್ಪಿಸಿದರು. ಆಕೆಯ ಮಗಳು ಗಿರಿಜಾಂಬಿಕಾಳನ್ನು ಚಿಕ್ಕನಾಯಕನಹಳ್ಳಿಗೆ ಕೊಟ್ಟಿತ್ತು. ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಿ ಹೆಣ್ಣು ಹುಟ್ಟಿತ್ತು. ಶಿವರುದ್ರಮ್ಮನ ಮನೆತನದಲ್ಲಿ ಹೆಣ್ಣು ಹುಟ್ಟಿದಾಗ ಅವಳ ಹೆಸರಿನಲ್ಲಿ ಒಂದು ತೆಂಗಿನ ಸಸಿ ನೆಡುತ್ತಾರೆ. ಮುಂದೆ ಅವಳಿಗೆ ಹೆಣ್ಣಾದರೆ, ಆ ಮರದ ಕಾಯಿ ಒಡೆದ ಮೇಲೇ ಆ ಮಗುವಿಗೆ ಹೆಸರು. ಗಿರಿಜಾಂಬಿಕಾಳ ಮರದಿಂದ ಕಾಯಿ ಕೆಡವಿದ ವಾರದಲ್ಲೇ ಸಿಡಿಲು ಬಡಿದು ಸುಳಿ ಸುಟ್ಟುಹೋಯಿತು. ಆದ್ದರಿಂದ ಆ ಮರದ ಕಾಯಿ ಲೋಕದಲ್ಲಿ ಆ ಮೂಟೆಯಲ್ಲಿದ್ದಷ್ಟೇ. ಬಸ್ಸಿನಲ್ಲಿ ತಾನೇ ಒಯ್ಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಂಘವು ಬಸ್ಸಿನ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಕೈಚೀಲದಲ್ಲಿ ಒಂದು ಕಾಯಿ ಕಂಡರೂ ಕಂಡಕ್ಟರು ಇಳಿಸುತ್ತಿದ್ದ.

ಮೂಟೆ ಕಿಬ್ಬನಹಳ್ಳಿಗೆ ಬಂತು. ಅಲ್ಲಿಂದ ಚಿಕ್ಕನಾಯಕನಹಳ್ಳಿ ಒಂದೇ ಹಂತ. ಆದರೆ ಚಿಕ್ಕನಾಯಕನಹಳ್ಳಿ ಶಾಖೆಯ ದಾರಿ ನೌಕರ ಅಕ್ಕನ ಮದುವೆಗೆಂದು ರಜೆ ಹಾಕಿ ಹೋದವನು ಮರಳದಿದ್ದುದರಿಂದ ಅಲ್ಲಿಂದ ಸುದ್ದಿ ಬರಲಿಲ್ಲ. ಸುದ್ದಿ ಬಾರದ ದಾರಿಯನ್ನು ನಂಬುವಂತಿಲ್ಲ. ಕಿಬ್ಬನಹಳ್ಳಿಯವರು ತಿಪಟೂರಿಗೆ ಕೇಳಿ ಕಳಿಸಿದರು. ತಿಪಟೂರಿನವರು ಹಿಂದೆ ಕಿಬ್ಬನಹಳ್ಳಿಯವರೇ ಹೇಳಿದ್ದನ್ನು ನೆನೆದು, “ನಮ್ಮಿಂದ ಎರಡು ಹಂತ” ಎಂದರು. ಹಾಗಾದರೆ ತಿಪಟೂರಿನ ಮೇಲೆ ಹೋದರೆ ನಮಗೆ ಮೂರು ಎಂದು ಕಿಬ್ಬನಹಳ್ಳಿಯವರು ಮೂಟೆಯನ್ನು ಅತ್ತ ಕಳಿಸಿ, ಮೂರೆಂದು ಸಾರಿದರು. ಅದನ್ನು ಕೇಳಿ ತಿಪಟೂರಿನವರು ನಾಲ್ಕು ಎಂದು ತಿದ್ದಿಕೊಂಡು ಮೂಟೆಯನ್ನು ಕಿಬ್ಬನಹಳ್ಳಿಗೆ ಹಿಂದಿರುಗಿಸಿದರು. ಇವರು ಐದೆಂದರು, ಅವರು ಆರೆಂದರು. ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ನಂಬಿದ್ದರು. ಮೂಟೆ ನಡುವೆ ಓಡಾಡುತ್ತಲೇ ಇತ್ತು.

ಶಿವರುದ್ರಮ್ಮ ಕಿಬ್ಬನಹಳ್ಳಿ ಕಚೇರಿಗೆ ಬಂದು ಕಾರ್ಯದರ್ಶಿ ಶಂಭುಲಿಂಗಯ್ಯನನ್ನು ಕೇಳಿದರು.

“ಏನಪ್ಪಾ, ನನ್ ಕಾಯಿ ಎಲ್ಲೋಯ್ತು?”

“ಎಲ್ಲೂ ಹೋಗಿಲ್ಲ ಕಣಮ್ಮ. ಓಡಾಡ್ತಾ ಐತೆ.”

“ಮಗಿಗೆ ಹೆಸ್ರಿಟ್ಟಿಲ್ಲ ಕಣಪ್ಪಾ. ಎಲ್ರೂ ಪಾಪು ಪಾಪು ಅಂತಾವ್ರೆ.”

“ಪಾಪು ಅಂತಾನೇ ಕರೀಲಿ. ದೂರ ಹೆಚ್ಚಾಗ್ತಾ ಐತೆ, ನಾವೇನ್ ಮಾಡಾಣ?”

ಕಾರ್ತಿಕದಲ್ಲಿ ದೂರ ಹದಿನಾರು ಹಂತ ಮುಟ್ಟಿತು. ನಿಯಮದಂತೆ ಚಿಕ್ಕನಾಯಕನಹಳ್ಳಿ ಇಲ್ಲವಾಯಿತು. ಮೂಟೆಯನ್ನು ಕಿಬ್ಬನಹಳ್ಳಿ ಶಾಖೆಯ ಅಟ್ಟದ ಮೇಲೆ ಏರಿಸಿದರು. ಶಿವರುದ್ರಮ್ಮ ಮತ್ತೆ ಬಂದಾಗ ಶಂಭುಲಿಂಗಯ್ಯ ಗೌರವದಿಂದಲೇ ವಿಷಯ ತಿಳಿಸಿದ. ಅದೇ ಹೊತ್ತಿಗೆ ಕಚೇರಿಯ ಮುಂದೆ ‘ಚಿಕ್ಕನಾಯಕನಹಳ್ಳಿ’ ಎಂದು ಬೋರ್ಡು ಹಾಕಿಕೊಂಡ ಬಸ್ಸು ಜನ ತುಂಬಿಕೊಂಡು ನಿಂತಿತ್ತು.

“ಅದೋ, ಬಸ್ಸು ಹೊಂಟೈತಲ್ಲಪ್ಪಾ!”

“ಬಸ್ಸಿನೋರು ನಮ್ಮ ಸಂಘದ ಸದಸ್ಯರಲ್ಲ ಕಣಮ್ಮ. ಅವರು ಎಲ್ಲಿಗಾದ್ರೂ ಹೋಗ್ಬೋದು.”

ಆಕೆ ಅಳಲಿಲ್ಲ. ಅಟ್ಟವನ್ನೊಮ್ಮೆ ನೋಡಿ ಮನೆಗೆ ಹೋದರು.

ಬೇರೆ ಸೀಮೆಯಾಗಿದ್ದರೆ ಜನ ಇಷ್ಟು ಹೊತ್ತಿಗೆ ಕಲ್ಲು ತೂರುತ್ತಿದ್ದರೇನೋ. ನಮ್ಮ ಕಡೆ ಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲಿಟ್ಟು, ನೀರು ಇಂಗಿ ಒಳಗೆ ಕೊಬ್ಬರಿ ಗಿಟುಕಾಗಿ ಗಡಗಡ ಅನ್ನುವ ತನಕ ಕಾಯುವುದೇ ಬದುಕು. ಅಟ್ಟದ ಮೇಲಿರುವುದು ಸುಮ್ಮನೆ ಬಿದ್ದಿದೆ ಎಂದು ಇಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಇದನ್ನು ಬಲ್ಲ ಏಕಾಂತಯ್ಯನವರು ಸಂಕ್ರಾಂತಿಯ ಸಭೆಯಲ್ಲಿ, ತಲುಪದೆ ಉಳಿದ ಕಾಯಿಗಳೆಲ್ಲ ಸಂಘದ ಆರೈಕೆಯಲ್ಲಿ ಕೊಬ್ಬರಿಯಾಗುತ್ತಿವೆಯೆಂದೂ, ವಿಳಂಬವೆಂದು ಕೆಲವರು ಕರೆಯುವುದು ವಾಸ್ತವವಾಗಿ ಸೇವೆಯೆಂದೂ ಘೋಷಿಸಿದರು. ಅಟ್ಟದ ಬಾಡಿಗೆ ಮಾತ್ರ ಕಾಯಿಯವರೇ ಕೊಡತಕ್ಕದ್ದೆಂದೂ ಸೇರಿಸಿದರು. ಎಲ್ಲರಿಗೂ ನ್ಯಾಯವೆನ್ನಿಸಿತು.

ಜ್ಯೇಷ್ಠದಲ್ಲಿ ಶಿವರುದ್ರಮ್ಮ ದಾರಿ ವಿಭಾಗದ ಕೆಲಸ ಕೇಳಿಕೊಂಡು ಬಂದರು. ಅಳಿಯಂದಿರೆಲ್ಲ ಮುಗಿದು ಒಂದು ಜಾಗ ಖಾಲಿಯಿತ್ತು.

“ಏನೂ ಹೊರದೆ ನಡೆಯೋಕೆ ಬರ್ತದೇನಮ್ಮ?” ಎಂದು ಶಂಭುಲಿಂಗಯ್ಯ ಅರ್ಹತೆ ವಿಚಾರಿಸಿದ.

ಹುಟ್ಟಿದಂದಿನಿಂದ ನೀರು, ಹುಲ್ಲು, ಸೌದೆ, ಮಕ್ಕಳು ಎಂದು ಏನಾದರೊಂದು ಹೊತ್ತುಕೊಂಡೇ ನಡೆದ ಹೆಂಗಸು ಸ್ವಲ್ಪ ಯೋಚಿಸಿ, “ಬರಲ್ಲ ಕಣಪ್ಪ. ಕಲ್ತ್ಕಂತೀನಿ” ಎಂದರು. ಬಿಲ್ಲೆ ಸಿಕ್ಕಿತು.

ಮೊದಲ ದಿನವೇ ಬಸ್ಸು ಹತ್ತಿ ಹೋಗಿ ಸಂಜೆಗೆ ವಾಪಸು ಬಂದರು.

“ಚಿಕ್ಕನಾಯಕನಹಳ್ಳಿ ಐತೆ” ಎಂದು ವರದಿ ಕೊಟ್ಟರು. “ಮಗಳು ಮುದ್ದೆ ಇಕ್ಕಿದ್ಲು, ಉಂಡ್ಕಂಡು ಬಂದೆ.”

“ಎಷ್ಟು ಹಂತ?”

“ಒಂದೇ.”

ಶಂಭುಲಿಂಗಯ್ಯ ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದ. ಒಂದೂರು ಉಂಟೆನ್ನುವುದು ಕಾರ್ಯದರ್ಶಿಯ ಅಧಿಕಾರಕ್ಕೆ ಮೀರಿದ್ದು. ತುರ್ತು ಸಭೆ ಸೇರಿತು. ಕಡಿಮೆ ಹೇಳಿದವರ ಮಾತು ನಡೆಯತಕ್ಕದ್ದು ಎಂಬ ನಿಯಮವನ್ನು ಏಕಾಂತಯ್ಯನವರೇ ಎರಡು ಸಲ ಓದಿ ನೋಡಿದರು. ಹದಿನಾರಕ್ಕಿಂತ ಒಂದು ಕಡಿಮೆಯೇ ಎಂದು ಎಲ್ಲರೂ ಒಪ್ಪಿದರು. ಆ ದಿನದಿಂದ ಜಾರಿಗೆ ಬರುವಂತೆ ಚಿಕ್ಕನಾಯಕನಹಳ್ಳಿ ಮಂಜೂರಾಯಿತು.

ಮರುದಿನ ಮೂಟೆ ಹೊರಟಿತು. ಮುಂದೆ ಬರಿಗೈಯಲ್ಲಿ ಶಿವರುದ್ರಮ್ಮ, ಹಿಂದೆ ಸಣ್ಣತಿಮ್ಮಯ್ಯನ ಗಾಡಿ. “ಇಂಗೇ ಬಾ ಕಣಪ್ಪ” ಎಂದು ಆಕೆ ಅಂದದ್ದಷ್ಟೇ, ಎತ್ತುಗಳು ಮೂಗುದಾರ ಜಗ್ಗಿಸಿಕೊಳ್ಳದೆ ನಡೆದವು. ಊರು ಮಂಜೂರಾದ ಸಂದರ್ಭವೆಂದು ಅಧ್ಯಕ್ಷರೂ ಕಾರ್ಯದರ್ಶಿಯೂ ಜೀಪಿನಲ್ಲಿ ಬಂದು ನಾಮಕರಣದ ಮನೆಯಲ್ಲಿ ಮುಂದಿನ ಸಾಲಿನಲ್ಲೇ ಕೂತರು.

“ಅವ್ವಾ, ಕಾಯಿ ಎಲ್ಲೇ?” ಎಂದಳು ಗಿರಿಜಾಂಬಿಕಾ ಬಾಗಿಲಲ್ಲಿ.

“ನಾನು ಮುಟ್ಟಂಗಿಲ್ಲ ಕಣೇ. ಹಿಂದೆ ಬತ್ತಾ ಐತೆ. ದಾರಿ ಸರಿಯಾಗೈತೆ ಅಂತ ಹೇಳಾಕ್ ಬಂದೆ.”

ಗಾಡಿ ಬಂತು. ಕಾಯಿ ಒಡೆದರೆ ನೀರು ಬರಲಿಲ್ಲ, ದುಂಡನೆಯ ಕೊಬ್ಬರಿ ಉರುಳಿತು. ಒಡೆದದ್ದಂತೂ ನಿಜವಾದ್ದರಿಂದ ಶಾಸ್ತ್ರಕ್ಕೆ ಅಡ್ಡಿಯಿಲ್ಲವೆಂದು ಹಿರಿಯರು ಹೇಳಿದರು. ಹತ್ತು ತಿಂಗಳು ದಾಟಿದ ಮಗು ಅಂಬೆಗಾಲಿಟ್ಟು ಬಂದು, ಅಜ್ಜಿಯ ಸೀರೆ ಹಿಡಿದು ನಿಂತು, ಎತ್ತಿಕೋ ಎಂದು ಎರಡೂ ಕೈ ಚಾಚಿತು. ಶಿವರುದ್ರಮ್ಮ ಬಗ್ಗಿದವರು ಅರ್ಧಕ್ಕೇ ನಿಂತರು. ಬಿಲ್ಲೆ ಎದೆಯ ಮೇಲಿತ್ತು. ಅಧ್ಯಕ್ಷರ ಕಡೆ ನೋಡಿದರು.

“ಸ್ವಾಮಿ, ಮಗೀನ ಎತ್ಕಂಡ್ರೆ ಹೊತ್ತಂಗಾಯ್ತದಾ?”

ಏಕಾಂತಯ್ಯನವರು ಒಳ್ಳೆಯವರೇ, ಆದರೆ ತರಬೇತಿಯಾದವರು. ಕಣ್ಣು ಮುಚ್ಚಿ ಬೆಂಗಳೂರನ್ನು ನೆನೆದು ತೀರ್ಮಾನ ಹೇಳಿದರು.

“ವಿಳಾಸ ಇದ್ರೆ ಮಾತ್ರ ಹೊರೆ. ಈ ಮಗಿಗೆ ಇನ್ನೂ ಹೆಸರಿಲ್ಲ, ಅಂದ್ರೆ ವಿಳಾಸಾನೂ ಇಲ್ಲ. ಅದಕ್ಕೇ ಎತ್ಕಬೋದು. ಹೆಸರಿಟ್ಟ ಮೇಲೆ ಕೆಳಗಿಳಿಸ್ಬುಡಿ.”

ಶಿವರುದ್ರಮ್ಮ ಮಗುವನ್ನು ಎತ್ತಿಕೊಂಡು ಮಣೆಯ ಮೇಲೆ ಕೂತರು. ಸೋದರತ್ತೆ ಹೆಸರು ಕೂಗಲು ಮಗುವಿನ ಕಿವಿಯ ಹತ್ತಿರ ಬಾಗಿದಳು. ಶಿವರುದ್ರಮ್ಮ ಮಗುವಿನ ಕಿವಿಗೆ ಅಂಗೈ ಅಡ್ಡ ಹಿಡಿದರು.

“ಹೆಸ್ರು ನಾಳೆ ಇಡಾಣ ಬುಡವ್ವ.”

ನಾಳೆಯೂ ಆಕೆಯ ಕೆಲಸದ ದಿನವೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಇಷ್ಟು ದಿನ ಕಾದದ್ದಾಗಿದೆ, ಇನ್ನೊಂದು ದಿನಕ್ಕೇನು ಎಂದು ಹಿರಿಯರು ಅಂದರು. ಅಧ್ಯಕ್ಷರು ಅನುಮೋದಿಸಿದರು. ಗಿರಿಜಾಂಬಿಕಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲೆ ಹಾಕಲು ಹೋದಳು. ಬಂದವರೆಲ್ಲ ಊಟ ಮಾಡಿ, ಹೆಸರಿಲ್ಲದ ಮಗುವಿಗೆ ನೂರು ಕಾಲ ಬಾಳೆಂದು ಹರಸಿ ಹೊರಟರು. ಮಗು ಅಜ್ಜಿಯ ಮಡಿಲಲ್ಲಿ ಕೂತು, ಒಡೆಯದೆ ಉಳಿದಿದ್ದ ಒಂದು ಕಾಯಿಯನ್ನು ಎರಡೂ ಕೈಯಲ್ಲಿ ಅಲುಗಿಸುತ್ತಾ, ಅದು ಗಡಗಡ ಅನ್ನುವುದನ್ನು ಕೇಳುತ್ತಿತ್ತು.