ದವಾಖಾನಿ ಎದುರಿನ ಊಟದ ಮನಿ

ಹಸದು ಬಂದವರಿಗೆ ಅನ್ನ ನೀಡೂ ಜಾಗಾದಾಗ ನಗೂವಂಥಾದ್ದು ಏನಿರತೈತಿ ಅಂತ ನೀವು ಕೇಳಬಹುದು. ನನಗಂತೂ ಅಲ್ಲಿಂದ ನಗಲಾರದ ಮನಿಗೆ ಬಂದ ದಿನಾನ ನೆನಪಿಲ್ಲ. ಜಮಖಂಡಿಯೊಳಗ ದವಾಖಾನಿ ಎದುರಿಗೆ ನಮ್ಮ ಓಣಿಯ ಮುಸಲ್ಮಾನ ಮಂದಿ ಕೂಡಿ ನಡಸೂ ಊಟದ ಮನಿ ಅದು. ಐದು ರೂಪಾಯಿಗೆ ಎರಡು ರೊಟ್ಟಿ, ಪಲ್ಯಾ, ಅನ್ನ, ಸಾರು. ಐದೂ ಇಲ್ಲದವರಿಗೆ ಹಂಗೇ. ಅಡಗಿ ಮಾಡೂ ಚಾಚಾಂದು ಪಂಕ್ಚರ್ ಅಂಗಡಿ. ನೀಡಾವರು ಟೇಲರ್, ನೇಕಾರ, ಆಟೋದವರು. ಯಾರಿಗೂ ಪಗಾರ ಇಲ್ಲ. ರಿಟೈರ್ ಆದ ಮ್ಯಾಲೆ ನಾನೂ ಹೋಗಿ ಸೇರಿಕೊಂಡೆ.

ರೈಟ್, ರೈಟ್!

ನಾ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವ. ಮೊದಲನೇ ದಿನಾ ನನಗ ಪಾಳಿ ಸಂಭಾಳಸೂ ಕೆಲಸಾ ಕೊಟ್ಟರು. ಬಾಯಿ ಸುಮ್ಮನಿರಬೇಕಲ್ಲ! "ಮುಂದ ಸರೀರಿ, ಮುಂದ ಜಾಗಾ ಐತಿ" ಅಂದೆ. ಒಬ್ಬರ ತಾಟು ತುಂಬಿದ ಕೂಡ್ಲೇ "ರೈಟ್, ರೈಟ್!" ಅಂತ ಕೂಗಿದೆ. ಪಾಳಿಯೊಳಗಿದ್ದ ಮುದುಕಪ್ಪ ಗಾಬರಿಯಾಗಿ ಖಾಲಿ ತಾಟು ಎದಿಗವಚಿಕೊಂಡು ಕೇಳಿದ: "ತಮ್ಮಾ, ಇದು ಲೋಕಾಪುರಕ ಹೋಗತೈತೇನು? ನಾ ಊಟಕ್ಕಂತ ನಿಂತೇನಿ!"

ಉಪ್ಪು ನೋಡೂ ಕೆಲಸಾ

ರಂಜಾನ್ ಬಂತು. ಹೊತ್ತು ಹುಟ್ಟೂ ಮೊದಲ ಉಂಡವರು ಹೊತ್ತು ಮುಣುಗೂತನಕ ಹನಿ ನೀರೂ ಕುಡಿಯಂಗಿಲ್ಲ. ಆದ್ರೂ ಊಟದ ಮನಿ ಒಲಿ ಒಂದು ದಿನಾನೂ ಆರಲಿಲ್ಲ. ಹೊರಗ ಬಿಸಿಲು, ಒಳಗ ಬೆಂಕಿ, ಕುದಿಯೂ ಸಾರಿನ ವಾಸನಿ. ಅದರ ನಡುವ ಒಣಗಿದ ತುಟಿಯ ಚಾಚಾ ನಕ್ಕೋತ ಸೌಟು ಆಡಸೂದು ನೋಡಿ ನಾ ದಂಗಾಗಿ ನಿಂತುಬಿಟ್ಟೆ.

"ನಿಮಗ ಉಪವಾಸ ಇಲ್ಲ, ಉಪ್ಪು ನೀವ ನೋಡ್ರಿ" ಅಂದರು.

ನೋಡಿದೆ. "ಏಕದಂ ಛಲೋ!" ಅಂದೆ. ನನಗ ಬಿಪಿ. ಮನಿಯೊಳಗ ಸಪ್ಪನ್ನ ಊಟ ಉಂಡು ಉಂಡು ನಾಲಗಿಗೆ ಅದ ರುಚಿ ಆಗಿತ್ತು. ಮೊದಲನೇ ತುತ್ತು ಇಟಗೊಂಡ ಹೆಣ್ಮಗಳು ಮಾರಿ ಮ್ಯಾಲೆತ್ತಿ ಕೇಳಿದಳು: "ಈ ಸಾರಿಗೂ ಡಾಕ್ಟರು ಚೀಟಿ ಬರದಾರೇನ್ರಿ?"

ಆಯಿಯ ಸಾಕ್ಷಿ

ಅದೇ ತಿಂಗಳು ರನ್ನ ಬೆಳಗಲಿಯಿಂದ ಕುರಿ ಕಾಯೂ ಮನಿತನದ, ಬೀರಪ್ಪ ದೇವರ ಒಕ್ಕಲಿನ ಆಯಿ ಒಬ್ಬಾಕಿ ಬಂದಳು. ಮಗಳು ಹಡದು ದವಾಖಾನಿಯೊಳಗಿದ್ದಳು. ಆಕಿಗೆ ಡಬ್ಬಿ ಮುಟ್ಟಿಸಿ ಬಂದು ತಾ ಉಣ್ಣಾಕ ಕುಂತಳು. ನೀಡಾಕ ಬಂದ ಚಾಚಾನ ಮಾರಿ ನೋಡಿ, "ನೀ ಉಂಡಿಯೇನಪಾ?" ಅಂದಳು.

"ಇಲ್ಲ ಆಯಿ, ರೋಜಾ ಐತಿ. ಸಂಜಿಕ ಉಣ್ತೀನಿ."

"ನೀರರೆ?"

"ನೀರೂ ಇಲ್ಲ."

ಆಯಿ ತಾಟು ಹಿಂದಕ ಸರಿಸಿದಳು. "ಬಾಣಂತಿ ಉಂಡಳು, ಅಷ್ಟ ಸಾಕು. ಹಸದವರ ಕೈಲೆ ನೀಡಿಸಿಕೊಂಡು ನನಗ ತುತ್ತು ಇಳಿಯಂಗಿಲ್ಲ. ನಾನೂ ಸಂಜಿಕ ಉಣ್ತೀನಿ."

ಚಾಚಾ ಕೈ ಮುಗದು ಬೇಡಿಕೊಂಡರು. ಕೇಳಲಿಲ್ಲ. ಬಾಗಿಲ ಹಂತ್ಯಾಕ ಗ್ವಾಡಿಗೆ ಬೆನ್ನು ಕೊಟ್ಟು ಕುಂತು ರೋಜಾ ಇದ್ದ ಎಲ್ಲಾರನ್ನೂ ನೋಡಿಕೋತ ಉಳದಳು. ಇಷ್ಟು ವರ್ಷ ಬಸ್ಸಿನೊಳಗ ಸಾವಿರಾರು ಮಂದಿ ನೋಡಿದ ನನಗ ಇಂಥಾಕಿ ಒಬ್ಬಾಕಿನೂ ಸಿಕ್ಕಿರಲಿಲ್ಲ.

ಹೊತ್ತು ಮುಣುಗಿತು, ಮಸೀದಿಯಿಂದ ಬಾಂಗ್ ಕೇಳಿಸಿತು. ಚಾಚಾ ಮೊದಲನೇ ಖಜೂರ ತಮ್ಮ ಬಾಯಿಗೆ ಇಟಗೊಳ್ಳಲಿಲ್ಲ, ಆಯಿ ಕೈಯಾಗ ಇಟ್ಟರು. ಅವರ ಕಣ್ಣು ತುಂಬಿದ್ದವು, ನನ್ನವೂ ತುಂಬಿದ್ದವು. ಆಯಿ ಮಾತ್ರ ಖಜೂರ ಹಿಡಕೊಂಡು ಮ್ಯಾಲೆ ನೋಡಿ ಗಟ್ಟಿಯಾಗಿ ಹೇಳಿದಳು:

"ಅಲ್ಲಾ ಸಾಮಿ, ಮಧ್ಯಾಹ್ನದಿಂದ ಕಣ್ಣು ಮಿಟಕಿಸದ ಕಾಯಾಕತ್ತೇನಿ. ಒಬ್ಬನೂ ಕದ್ದು ತಿಂದಿಲ್ಲ. ಸಂಶೆ ಇದ್ರ ನಮ್ಮ ಬೀರಪ್ಪನ್ನ ಕೇಳು, ನಾ ಸುಳ್ಳು ಹೇಳೂ ಪೈಕಿ ಅಲ್ಲ!"