ತೆಂಬೆಲರಿನ ಅರ್ಥ

ನಂಜುಂಡೇಶನ ಗ್ರಹಚಾರ ಶುರುವಾದದ್ದು ಒಂದು ತುಂಡು ಬಳಪದಿಂದ. ಹನಗೋಡಿನ ಆಚೆಗಿನ ಊರೊಂದರ ಪಂಚಾಯಿತಿಯಲ್ಲಿ ಗುಮಾಸ್ತನಾಗಿದ್ದ ಅವನು ಕಚೇರಿ ಬಾಗಿಲ ಕರಿಹಲಗೆಯ ಮೇಲೆ ‘ದಿನಕ್ಕೊಂದು ಪದ’ ಬರೆಯುತ್ತಿದ್ದ. ನಾಳೆಯ ಪದವನ್ನು ಇವತ್ತು ಸಂಜೆಯೇ ಬರೆದು ಮನೆಗೆ ಹೋಗುವುದು ರೂಢಿ. ನಿನ್ನೆ ಬರೆದದ್ದು: ‘ತೆಂಬೆಲರು: ತೆಂಕಲಿಂದ ಬೀಸುವ ಹಿತವಾದ ಮೆಲುಗಾಳಿ.’

ಅದೇ ರಾತ್ರಿ ಬೀಸಿದ ಗಾಳಿಗೆ ಊರಿನ ಬಾಳೆಯೆಲ್ಲ ಮಲಗಿತು. ನಂಜುಂಡೇಶನ ಮನೆಯ ಶೀಟುಗಳು ಕೆರೆ ದಾಟಿ ಹೋದವು.

ನಷ್ಟ ನೋಡಲು ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆಂದು ಬೆಳಿಗ್ಗೆ ಸುದ್ದಿ ಬಂತು. ಪರಿಹಾರ ಸಿಕ್ಕರೆ ಸೂರು; ಇಲ್ಲದಿದ್ದರೆ ಮಳೆಗಾಲವೆಲ್ಲ ಟಾರ್ಪಾಲು. ಸದ್ಯಕ್ಕೆ ಕಟ್ಟಿದ್ದ ಟಾರ್ಪಾಲಿನಡಿ ಅವ್ವನನ್ನು ಕೂರಿಸಿ ನಂಜುಂಡೇಶ ಕಚೇರಿಗೆ ಬಂದರೆ, ಹಲಗೆಯ ಮುಂದೆ ಊರೇ ನೆರೆದಿತ್ತು.

“ಏನ್ಲಾ ಇದು ಮೆಲುಗಾಳಿ?” ಬಾಳೆ ಕಳೆದುಕೊಂಡ ರಾಚಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಆಫೀಸರ್ರು ಇದ ಓದ್‌ಬುಟ್ರೆ ನಮ್ ಗತಿ?”

“ತೆಂ ಅಂದ್ರೆ ತೆಂಕು ದಿಕ್ಕು, ಎಲರು ಅಂದ್ರೆ ಗಾಳಿ ಕಣಕ್ಕ. ಹಳೇ ಕವಿಗಳು ವಿರಹ ಬಂದಾಗೆಲ್ಲ ಇದನ್ನೇ ಬೀಸುಸ್ತಿದ್ರು.”

“ನಂಗೀಗ ಬಾಳೆ ವಿರಹ ಕಣ್ಲಾ. ಅಳ್ಸು ಅದ!”

ನಂಜುಂಡೇಶ ಮರಿ ಕಾಯುವ ಕೋಳಿಯಂತೆ ಹಲಗೆಗೆ ಅಡ್ಡ ನಿಂತ. ತಳ್ಳಾಟದಲ್ಲಿ ಅರ್ಥವೆಲ್ಲ ಅವನ ಅಂಗಿಯ ಬೆನ್ನಿಗೆ ಮೆತ್ತಿಕೊಂಡು, ಹಲಗೆಯ ಮೇಲೆ ಪದವೊಂದೇ ಉಳಿಯಿತು.

ಪಂಚಾಯಿತಿ ಮೆಂಬರು ಚಿಕ್ಕಮಾದಯ್ಯ ಬಳಪ ಎತ್ತಿಕೊಟ್ಟ. “ಅಳ್ಸುದ್ರೆ ಬರೀ ಹಲ್ಗೆ. ಅದ್ರ ಬದ್ಲು ನಮ್ಗೆ ಸಾಕ್ಷಿ ಆಗಂಗೆ ಬರಿ ಮಗ. ನಿಮ್ಮವ್ವನ ಮಕ ನೆನಸ್ಕೊ.”

ಅವ್ವನ ಮುಖ ನೆನಪಾಗಿ ಅವನ ಹಟ ಕರಗಿತು. ಜೀವಮಾನದಲ್ಲಿ ಮೊದಲ ಸಲ ಒಂದು ಪದಕ್ಕೆ ದ್ರೋಹ ಬಗೆದ: ‘ತೆಂಬೆಲರು: ಸೂರು ಹಾರಿಸಿ ಬಾಳೆ ಮುರಿಯುವ ಭೀಕರ ಬಿರುಗಾಳಿ.’ ಊರು ಚಪ್ಪಾಳೆ ತಟ್ಟಿತು.

ಮಧ್ಯಾಹ್ನ ಜೀಪಿನಿಂದ ಇಳಿದ ಅಧಿಕಾರಿ ಹಲಗೆಯ ಮುಂದೆಯೇ ನಿಂತುಬಿಟ್ಟರು.

“ತೆಂಬೆಲರು! ನಾನು ಕನ್ನಡ ಎಂ.ಎ. ಕಣ್ರೀ. ಈ ಪದ ನೋಡಿ ಎಷ್ಟು ವರ್ಷ ಆಗಿತ್ತು!”

ಇಷ್ಟು ವರ್ಷದಲ್ಲಿ ಒಬ್ಬ ಓದುಗ ಸಿಕ್ಕಿದನೆಂದು ನಂಜುಂಡೇಶನ ಕಣ್ಣು ತುಂಬಿತು. ಅಷ್ಟರಲ್ಲಿ ಅವರು ಪದದ ಅರ್ಥಕ್ಕೆ ಬಂದಿದ್ದರು.

“ಇದನ್ನ ಯಾರು ಬರೆದದ್ದು?”

ಊರಿನ ಬೆರಳುಗಳೆಲ್ಲ ಒಂದೇ ಕಡೆ ತಿರುಗಿದವು.

“ಪರಿಹಾರಕ್ಕೋಸ್ಕರ ಮೆಲುಗಾಳೀನೇ ಬಿರುಗಾಳಿ ಮಾಡಿದ್ದೀರಿ. ಶೀಟೂ ನೀವೇ ಬಿಚ್ಚಿಟ್ಟಿಲ್ಲ ಅಂತ ಹೇಗ್ರೀ ನಂಬಲಿ?”

ನಷ್ಟ ನೋಡದೆಯೇ ಜೀಪು ಬಂದ ದಾರಿಯಲ್ಲೇ ತಿರುಗಿತು. ಆಮೇಲೆ ಊರು ಅವನಿಗೆ ಬೈದದ್ದನ್ನು ಯಾವ ಹಲಗೆಯ ಮೇಲೂ ಬರೆಯುವಂತಿಲ್ಲ.

ಸಂಜೆ ಅವ್ವ ಕೇಳಿದಳು, “ಏನಂದ್ರು ಮಗ ಆಫೀಸರ್ರು?”

“ರಾತ್ರಿ ಬೀಸಿದ್ದು ಮೆಲುಗಾಳಿ ಅಂದ್ರು ಕಣವ್ವ.”

ಅವ್ವ ತೆಂಕಲ ಕಡೆ ಕವಿಯುತ್ತಿದ್ದ ಮೋಡವನ್ನು ನೋಡಿದಳು. “ಅಂಗೇ ಇರ್ಲಿ ಬುಡು. ಬಾ, ಟಾರ್ಪಾಲಿನ ಆ ತುದಿ ಇಡ್ಕೊ. ಇನ್ನೊಂದು ಮೆಲುಗಾಳಿ ಬತ್ತಾದೆ.”